ಗೂಡು ಬೇಯಿಸುವ ಒಲೆ: ರೀಲರ್‌ಗಳ ಜೊತೆ ಸಂಶೋಧನೆ ಹೇಗೆ ಶುರು ಮಾಡಲಿ?

ಪ್ರಶ್ನೆ
ನಾನು ಮೆಕ್ಯಾನಿಕಲ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ರೇಷ್ಮೆ ಗೂಡು ಬೇಯಿಸುವ ಒಲೆಯಲ್ಲಿ ಸೌದೆ ಉಳಿಸುವುದು ನನ್ನ ವಿಷಯ. ಆರು ತಿಂಗಳು ಲ್ಯಾಬ್‌ನಲ್ಲೇ ಕಳೆದೆ. ಹೋದ ವಾರ ಶಿಡ್ಲಘಟ್ಟದಲ್ಲಿ ಒಬ್ಬ ರೀಲರ್ (ಗೂಡಿನಿಂದ ನೂಲು ತೆಗೆಸುವವರು) ಘಟಕಕ್ಕೆ ಹೋದರೆ, ನನ್ನ ಲೆಕ್ಕವೇ ಬೇರೆ, ಅಲ್ಲಿನ ಒಲೆಯೇ ಬೇರೆ. ಪ್ರಶ್ನೆಗಳ ಹಾಳೆ ತೆಗೆದ ಕೂಡಲೇ ಮಾಲೀಕರು ಸುಮ್ಮನಾದರು. ಏನು ಮಾಡಲಿ?

ಉತ್ತರ 1
ರಾಮನಗರದಲ್ಲಿ ಮೂವತ್ತು ವರ್ಷದಿಂದ ನೂಲು ತೆಗೆಸುತ್ತಿದ್ದೇನೆ. ಹಾಳೆ ಮನೆಯಲ್ಲೇ ಬಿಡಿ ತಮ್ಮಾ. ಮೊದಲು ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಬನ್ನಿ. ಗೂಡನ್ನು ಬೆರಳಲ್ಲಿ ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಅನ್ನೋ ಅಂದಾಜು ಅಲ್ಲೇ ಆಗುತ್ತದೆ. ಅದಕ್ಕೆ ರೆಂಡಿಟ್ಟಾ ಅಂತೀವಿ. ಗೂಡು ಜಾಸ್ತಿ ಬೆಂದರೆ ನೂಲು ವೇಸ್ಟ್, ಕಡಿಮೆ ಬೆಂದರೆ ಎಳೆಯ ತುದಿ ಸಿಗಲ್ಲ. ನಮ್ಮಲ್ಲಿ ಬೇಯಿಸುವ ಅಮ್ಮ ಥರ್ಮಾಮೀಟರ್ ನೋಡುವುದಿಲ್ಲ, ಒಂದು ಗೂಡು ಎತ್ತಿ ಹಿಸುಕಿ ಹೇಳುತ್ತಾರೆ. ನಿಮ್ಮ ಒಲೆ ಅವರ ಕೈಗೆ ಒಗ್ಗಬೇಕು, ಅಲ್ವಾ? ಸೌದೆ ಉಳಿದು ನೂಲು ಕೆಟ್ಟರೆ ಯಾರೂ ಮುಟ್ಟಲ್ಲ.

ಉತ್ತರ 2
ಅಣ್ಣ ಹೇಳಿದ್ದು ನಿಜ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು 1974ರಲ್ಲಿ ಶುರುವಾದ 'ಅಸ್ತ್ರ' ತಂಡವೂ ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಗೇ ಹೋಗಿ ಕೆಲಸ ಮಾಡಿತು. ಸೌದೆ ಉಳಿಸುವ ಅಸ್ತ್ರ ಒಲೆ ಆ ತಂಡದ್ದೇ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಅಣ್ಣಾ, ಸೋಮವಾರ ಬೆಳಗ್ಗೆ ಬರಲಾ? ಆ ಅಮ್ಮನ ಪಕ್ಕ ಒಂದು ವಾರ ಕೂರಬೇಕು.

ಉತ್ತರ 1
ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ವಾಸನೆ ಬೇಗ ಹೋಗಲ್ಲ.