ಸ್ಟಾಫ್ ನರ್ಸ್ ಗಂಡ ವಾರ್ಡಿಗೇ ಬಂದು ಗಲಾಟೆ ಮಾಡ್ತಾನೆ, ಇನ್‌ಚಾರ್ಜ್ ಆಗಿ ನಾನೇನು ಮಾಡಲಿ?

ಪ್ರಶ್ನೆ: ರಾಯಚೂರು ಸಿಸ್ಟರ್

ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೇನೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ.

ನಮ್ಮ ವಾರ್ಡಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕೆಲಸದಲ್ಲಿ ಬಲು ಚುರುಕು. ಚಿಕ್ಕ ಮಕ್ಕಳಿಗೆ ನರ ಸಿಗದಿದ್ದರೆ ಡಾಕ್ಟರೇ ಅವಳನ್ನು ಕರೆಸುತ್ತಾರೆ. ಗಂಡ ಹೊಡೆಯುತ್ತಾನೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮೇ ತಿಂಗಳ ರಾಯಚೂರು ಬಿಸಿಲಲ್ಲಿ ಯೂನಿಫಾರ್ಮ್ ಮೇಲೆ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಬಂದರೆ ಯಾರಿಗೆ ತಿಳಿಯಲ್ಲ ಹೇಳಿ? ಕೇಳಿದರೆ "ಎಸಿ ಚಳಿ ಸಿಸ್ಟರ್" ಅನ್ನುತ್ತಾಳೆ. ನಮ್ಮ ಜನರಲ್ ವಾರ್ಡಿಗೆ ಎಸಿನೇ ಇಲ್ಲ.

ಈಗ ಅವನು ಆಸ್ಪತ್ರೆಗೂ ಬರೋಕೆ ಶುರು ಮಾಡಿದ್ದಾನೆ. ವಾರ್ಡ್ ಫೋನಿಗೆ ಮೇಲಿಂದ ಮೇಲೆ ಕಾಲ್. ಇವಳು ಸಿಗದಿದ್ದರೆ ರಿಸೆಪ್ಷನ್ನಿಗೆ ಮಾಡುತ್ತಾನೆ. ಅಲ್ಲಿರುವ ಹುಡುಗ ಪಾಪ, "ಈ ವಾರ ಅವರು ನೈಟ್ ಇದ್ದಾರೆ ಸರ್" ಅಂತ ಒಪ್ಪಿಸಿಬಿಡುತ್ತಾನೆ. ಸಂಬಳದ ದಿನ ಗೇಟ್ ಹತ್ತಿರ ಬೈಕ್ ನಿಲ್ಲಿಸಿಕೊಂಡು ಕಾಯುತ್ತಾನೆ. ಮೊನ್ನೆ ರಾತ್ರಿ ಕುಡಿದು ಒಳಗೇ ಬಂದ, ಔಷಧಿ ಟ್ರಾಲಿ ಒದ್ದ. ಆಂಪುಲ್‌ಗಳೆಲ್ಲ ಚೂರು. ಅವಳು ಏನೂ ಆಗಿಲ್ಲ ಅನ್ನುವ ಹಾಗೆ ಕೂತು ಗಾಜು ಆರಿಸಿದಳು.

ಮ್ಯಾನೇಜ್‌ಮೆಂಟ್‌ನವರು "ಇನ್ನೊಂದು ಸಲ ಹಿಂಗಾದರೆ ಅವಳನ್ನೇ ಬಿಡಿಸಿಬಿಡಿ" ಅಂದಿದ್ದಾರೆ. ಕೆಲಸವೂ ಹೋದರೆ ಅವಳು ಎಲ್ಲಿಗೆ ಹೋಗಬೇಕು? ನೈಟ್ ತೆಗೆದು ಡೇ ಡ್ಯೂಟಿ ಹಾಕಲಾ? ಗಂಡನನ್ನು ಕರೆಸಿ ಬುದ್ಧಿ ಹೇಳಲಾ? ಆಸ್ಪತ್ರೆಯಲ್ಲಿ ಹೆಂಗಸರ ದೂರು ಕೇಳುವ ಪಾಷ್ ಕಮಿಟಿಗೆ ಕೊಡಬಹುದಾ?

ಉತ್ತರ: ಮಾನ್ವಿ ಹುಡುಗ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನೀವು ನಡುವೆ ಹೋದರೆ ನಾಳೆ ಅವರು ಒಂದಾಗ್ತಾರೆ, ನೀವು ಕೆಟ್ಟವರಾಗ್ತೀರಿ. ಸುಮ್ನಿರಿ ಅಕ್ಕಾ.

ಉತ್ತರ: ಬಳ್ಳಾರಿ ಕ್ಯಾಜುವಾಲ್ಟಿ

ತಮ್ಮಾ, ಉಂಡು ಮಲಗಿದ ಮೇಲೂ ಮುಗಿಯದ ಜಗಳಗಳನ್ನು ಹೊಲಿಗೆ ಹಾಕಿ ಕಳಿಸೋದು ನಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡು. ನಮ್ಮ ರಾಜ್ಯದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದಿದ್ದಾರೆ. ಬಿಳಿ ಯೂನಿಫಾರ್ಮ್ ಹಾಕಿದವರು ಆ ಲೆಕ್ಕದಿಂದ ಹೊರಗಿದ್ದಾರಾ?

ಸಿಸ್ಟರ್, ಗಂಡನನ್ನು ಕರೆಸಿ ಬುದ್ಧಿ ಹೇಳೋದು ಮಾತ್ರ ಬೇಡವೇ ಬೇಡ. ನಿಮ್ಮ ಮುಂದೆ ಕೈಮುಗಿದು ಹೋಗುತ್ತಾನೆ. "ಆಸ್ಪತ್ರೆಯಲ್ಲಿ ನನ್ನ ಮಾನ ತೆಗೆದೆಯಾ" ಅಂತ ರಾತ್ರಿ ಅವಳಿಗೆ ಬೀಳುತ್ತದೆ.

ಡ್ಯೂಟಿ ಬದಲಾಯಿಸುವ ಮುಂಚೆ ಅವಳನ್ನೇ ಕೇಳಿ. ನಮ್ಮಲ್ಲಿ ಒಬ್ಬಳು ಬೇಡಿ ಬೇಡಿ ನೈಟ್ ಹಾಕಿಸಿಕೊಳ್ಳುತ್ತಿದ್ದಳು. ದುಡ್ಡಿನ ಆಸೆ ಅಂತ ಎಲ್ಲರೂ ಆಡಿಕೊಂಡರು. ಕುಡಿದ ಗಂಡನ ಪಕ್ಕ ಮಲಗೋದಕ್ಕಿಂತ ವಾರ್ಡೇ ವಾಸಿ ಅನ್ನೋದು ಅವಳ ಲೆಕ್ಕ. ಕೇಳುವಾಗಲೂ ನರ್ಸಿಂಗ್ ಸ್ಟೇಷನ್ನಿನಲ್ಲಿ ಬೇಡ, ಅಲ್ಲಿ ಗೋಡೆಗೂ ಕಿವಿ. ಡ್ರೆಸ್ಸಿಂಗ್ ರೂಮಿಗೆ ಕರೆದು "ಮನೆಯಲ್ಲಿ ನಿನಗೆ ಭಯ ಇದೆಯಾ?" ಅಂತ ನೇರ ಕೇಳಿ. ಇಲ್ಲ ಅಂದರೆ ಬಿಡಿ, ಬಾಗಿಲು ತೆರೆದಿರಲಿ. "ಅವನನ್ನು ಬಿಟ್ಟು ಬಾ" ಅಂತ ಒತ್ತಾಯ ಬೇಡ. ಹೆಣ್ಣು ಬಿಟ್ಟು ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು.

ನಿಮ್ಮ ಕೈಯಲ್ಲೇ ಇರೋ ಕೆಲಸ ಬೇಕಾದಷ್ಟಿದೆ. ಡ್ಯೂಟಿ ಲಿಸ್ಟ್ ಗೋಡೆಯಿಂದ ತೆಗೆಸಿ. ಯಾರೇ ಫೋನ್ ಮಾಡಲಿ, ಯಾವ ಸ್ಟಾಫ್ ಬಗ್ಗೆಯೇ ಕೇಳಲಿ, "ಡ್ಯೂಟಿ ವಿಷಯ ಹೇಳಲ್ಲ" ಅನ್ನೋದು ರಿಸೆಪ್ಷನ್ನಿನ ಒಂದೇ ಉತ್ತರ ಆಗಲಿ. ಎಲ್ಲರಿಗೂ ಅದೇ ನಿಯಮ ಆದರೆ ಇವಳೇ ಹೇಳಿಕೊಟ್ಟಿದ್ದಾಳೆ ಅಂತ ಅವನಿಗೆ ಅನಿಸಲ್ಲ. ವಾಚ್‌ಮನ್‌ಗೆ ಅವನ ಫೋಟೋ, ಬೈಕ್ ನಂಬರ್ ಕೊಡಿ. ಡ್ಯೂಟಿ ಬಿಟ್ಟಾಗ ಒಬ್ಬಳೇ ಹೊರಡಬಾರದು.

ಮುಖ್ಯವಾದದ್ದು ಕುತ್ತಿಗೆ. ಕತ್ತು ಹಿಸುಕಿದ್ದಾನಾ ಕೇಳಿ. ಹೊರಗೆ ಗುರುತೇ ಇರಲ್ಲ ಒಮ್ಮೊಮ್ಮೆ. ದನಿ ಒಡೆದಿದ್ದರೆ, ನುಂಗಲು ಕಷ್ಟ ಆದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಆಮೇಲೆ ಊತ ಬರಬಹುದು. ಒಮ್ಮೆ ಕತ್ತಿಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಂಭವ ಜಾಸ್ತಿ.

ಇನ್ನೊಂದು. ಅವಳಿಗೆ ನಿಮ್ಮಲ್ಲೇ ಚಿಕಿತ್ಸೆ ಪಡೆಯೋಕೆ ಮನಸ್ಸಿದೆಯಾ ಕೇಳಿ. ಸ್ವಂತ ಕೇಸ್ ಶೀಟನ್ನು ಜೊತೆಯವರು ಟೀ ಕುಡೀತಾ ಓದೋದು ಯಾರಿಗೆ ಬೇಕು? ಎಲ್ಲೇ ತೋರಿಸಲಿ, "ಬಿದ್ದು ಗಾಯ" ಅಂತ ಬರೆಯಬಾರದು. ಅವಳು ಹೇಳಿದ ಹಾಗೇ, "ಗಂಡ ಹೊಡೆದ" ಅಂತ ಇರಬೇಕು.

ಉತ್ತರ: ಕೊಪ್ಪಳ ವಕೀಲ

ಪಾಷ್ ಕಮಿಟಿ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಮಾತ್ರ, ಇಲ್ಲಿ ಆಗಲ್ಲ. ನಿಮಗೆ ಬೇಕಾದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅದರ 18ನೇ ಕಲಂ ಪ್ರಕಾರ ಗಂಡ ಅವಳು ಕೆಲಸ ಮಾಡುವ ಜಾಗಕ್ಕೆ ಕಾಲಿಡಬಾರದು, ಫೋನ್ ಮಾಡಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮೀರಿದರೆ 31ನೇ ಕಲಂ, ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹೆಂಗಸರು ಮನೆಯ ವಿಷಯಕ್ಕೇ ಈ ಕಾಯ್ದೆ ಅಂದುಕೊಂಡಿರುತ್ತಾರೆ, ಕೆಲಸದ ಜಾಗದ ಮಾತು ಹೇಳಿಕೊಡುವವರೇ ಕಡಿಮೆ.

ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗೋದು ಸಂರಕ್ಷಣಾಧಿಕಾರಿಗಳು, ನಮ್ಮ ರಾಜ್ಯದಲ್ಲಿ ಸಿಡಿಪಿಓಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು) ಆ ಕೆಲಸ ಮಾಡುತ್ತಾರೆ. ಅವರ ಕಚೇರಿಯಲ್ಲಿ ಅರ್ಜಿ ಬರೆಸಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ಸಲಹೆಗೆ ಮಹಿಳಾ ಸಹಾಯವಾಣಿ 181, ಆ ಕ್ಷಣಕ್ಕೆ ಪೊಲೀಸ್ ಬೇಕಾದರೆ 112.

ಟ್ರಾಲಿ ಒದ್ದದ್ದು ಬೇರೆಯೇ ಕೇಸು. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ, ಆಸ್ಪತ್ರೆ ಆಸ್ತಿ ಹಾನಿಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಖಾಸಗಿ ಆಸ್ಪತ್ರೆಗೂ ಅನ್ವಯ. ದೂರು ಕೊಡೋದು ಆಸ್ಪತ್ರೆ, ಅವಳಲ್ಲ. ಹಾಗಂತ ಅವಳಿಗೆ ತಿಳಿಸದೆ ಕೊಡಬೇಡಿ. ಪೊಲೀಸರು ಅವನನ್ನು ಕರೆಸುವ ದಿನ ಅವಳೂ ಮಕ್ಕಳೂ ಎಲ್ಲಿರುತ್ತಾರೆ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಆ ರಾತ್ರಿಯ ಸಿಸಿಟಿವಿ ಅಳಿಸಿಹೋಗುವ ಮುಂಚೆ ಇವತ್ತೇ ತೆಗೆದಿಡಿ.

ಪ್ರಶ್ನೆ: ಸಿಂಧನೂರು ಲ್ಯಾಬ್

ಗಂಡನೂ ಅದೇ ಆಸ್ಪತ್ರೆಯಲ್ಲಿದ್ದರೆ?

ಉತ್ತರ: ಬಳ್ಳಾರಿ ಕ್ಯಾಜುವಾಲ್ಟಿ

ಶಿಫ್ಟ್ ಬೇರೆ ಮಾಡಿಸಬೇಕು. ಕಂಪ್ಯೂಟರಲ್ಲಿ ಅವನ ಲಾಗಿನ್‌ಗೆ ಅವಳ ರಿಪೋರ್ಟ್ ಕಾಣದ ಹಾಗೆ ಮಾಡಿಸಬೇಕು. ಎರಡನೆಯದನ್ನು ಎಲ್ಲರೂ ಮರೀತಾರೆ.

ಮತ್ತೆ: ರಾಯಚೂರು ಸಿಸ್ಟರ್

ಕೇಳಿದೆ. ಬಳ್ಳಾರಿ ಸಿಸ್ಟರ್ ಹೇಳಿದ್ದೇ ನಿಜ, "ನೈಟ್ ಮಾತ್ರ ತೆಗೀಬೇಡಿ" ಅಂದಳು. ಕತ್ತಿನ ವಿಷಯಕ್ಕೆ ಉತ್ತರ ಕೊಡಲಿಲ್ಲ, ನಾನೂ ಎಳೆಯಲಿಲ್ಲ. ಕೋರ್ಟು ಈಗಲೇ ಬೇಡವಂತೆ. ಮಾರನೇ ದಿನ ಟಿಫಿನ್ ಬ್ಯಾಗಲ್ಲಿ ಒಂದು ಕವರ್ ತಂದಳು: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಸರ್ಟಿಫಿಕೇಟು, ಕೌನ್ಸಿಲ್ ರಿಜಿಸ್ಟ್ರೇಷನ್ನು. ಸುಟ್ಟುಹಾಕ್ತೀನಿ ಅಂತ ಹೆದರಿಸುತ್ತಾನಂತೆ. ನನ್ನ ಲಾಕರಲ್ಲಿ ಇಟ್ಟಿದ್ದೇನೆ.

ಡ್ಯೂಟಿ ಲಿಸ್ಟ್ ಗೋಡೆಯಿಂದ ಇಳಿದಿದೆ, ಸಿಸಿಟಿವಿ ಪೆನ್‌ಡ್ರೈವ್‌ನಲ್ಲಿದೆ. ಉಳಿದದ್ದು ಮ್ಯಾನೇಜ್‌ಮೆಂಟ್. ವಕೀಲ್ರೇ, "ಅವಳನ್ನು ಬಿಡಿಸಿ" ಅನ್ನೋರಿಗೆ 2009ರ ಕಾಯ್ದೆ ತೋರಿಸಿ ಬರೆಯುವ ಪತ್ರದ ಮಾದರಿ ಇದ್ದರೆ ಇಲ್ಲೇ ಹಾಕಿ. ಸೋಮವಾರ ಮೀಟಿಂಗ್ ಇದೆ.