ಬಾಟಲಿಯಲ್ಲಿ ಚೆನ್ನಾಗಿದ್ದ ನೀರುಬ್ರಾಹ್ಮಿ ಹೈಡ್ರೋಪೋನಿಕ್ಸ್ ಟಬ್‌ಗೆ ಹಾಕಿದ ನಾಲ್ಕೇ ದಿನಕ್ಕೆ ಕೊಳೆಯುತ್ತಿದೆ

ತುಮಕೂರು ಗಿಡಮನೆ:
ನಮಸ್ಕಾರ. ಮನೆಯ ಒಂದು ಕೋಣೆಯಲ್ಲಿ ನೀರುಬ್ರಾಹ್ಮಿ ಟಿಶ್ಯೂ ಕಲ್ಚರ್ (ಗಿಡದ ಸಣ್ಣ ತುಂಡಿನಿಂದ ಬಾಟಲಿಯಲ್ಲಿ ಮರಿಗಿಡ ಬೆಳೆಸುವುದು) ಮಾಡುತ್ತಿದ್ದೇನೆ. ಎಂಎಸ್ ಮೀಡಿಯಾ (ಪೋಷಕಾಂಶಗಳ ಮಿಶ್ರಣ), ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು 6 ಗ್ರಾಂ ಅಗರ್, ಚಿಗುರು ಬರಿಸುವ ಹಾರ್ಮೋನ್ ಬಿಎಪಿ 2 ಮಿಲಿಗ್ರಾಂ, ಪಿಎಚ್ 5.8. ಬಾಟಲಿ ತುಂಬಾ ಚಿಗುರು ಬಂತು. ಎಲೆ ಮಾತ್ರ ಗಾಜಿನ ಹಾಗಿದೆ, ಮುಟ್ಟಿದರೆ ಪಟ್ ಅಂತ ಮುರಿಯುತ್ತದೆ. 40 ಗಿಡ ತೆಗೆದು ನೇರವಾಗಿ ಗೊಬ್ಬರ ಕರಗಿಸಿದ ನೀರಿನ ಟಬ್‌ಗೆ ಇಳಿಸಿದೆ, ಇಸಿ (ನೀರಲ್ಲಿ ಗೊಬ್ಬರ ಎಷ್ಟು ಕರಗಿದೆ ಅಂತ ತೋರಿಸುವ ಅಳತೆ) 1.8. ಅವತ್ತೇ ಬಾಡಿದವು. ನಾಲ್ಕನೇ ದಿನಕ್ಕೆ ಬುಡ ಕಂದಾಗಿ 31 ಹೋದವು. ಬ್ಯಾಕೋಸೈಡ್ (ಈ ಗಿಡದ ಔಷಧೀಯ ಅಂಶ) ಪರೀಕ್ಷೆ ಮಾಡಿಸಿ ಆರಿಸಿದ ತಾಯಿಗಿಡದ ಮರಿಗಳು ಇವು, ಅದಕ್ಕೇ ತುಂಬಾ ಸಂಕಟ ಆಗಿದೆ.

ಶಿರಸಿ ತೋಟ:
ಗಿಡ ಯಾವುದು ಅಂತ ಮೊದಲು ಹೇಳಿ. ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ಅದರಲ್ಲಿ ಇರುವುದು ಏಷಿಯಾಟಿಕೋಸೈಡ್, ಬ್ಯಾಕೋಸೈಡ್ ಅಲ್ಲ. ಟಬ್ ನೀರು ಮಧ್ಯಾಹ್ನ ಎಷ್ಟು ಬಿಸಿ ಇರುತ್ತದೆ? ಬೇರಿನ ಅಗರ್ ತೊಳೆದಿದ್ದಿರಾ?

ತುಮಕೂರು ಗಿಡಮನೆ:
ನೀರುಬ್ರಾಹ್ಮಿಯೇ ಸರ್, ಸಣ್ಣ ದಪ್ಪ ಎಲೆ, ನೆಲಕ್ಕೆ ಹಬ್ಬುತ್ತದೆ. ನೀರು 31 ಡಿಗ್ರಿ. ಅಗರ್ ಸುಮ್ನೆ ಜಾಡಿಸಿದೆ, ತೊಳೆಯಲಿಲ್ಲ.

ಶಿರಸಿ ತೋಟ:
ಹಾಗಾದರೆ ತೊಂದರೆ ಬಾಟಲಿಯಲ್ಲೇ ಶುರುವಾಗಿದೆ. ಬಾಟಲಿಯೊಳಗೆ ತೇವ ವಿಪರೀತ ಇರುವುದರಿಂದ ಎಲೆಯ ಮೇಲಿನ ಮೇಣದ ಪದರ ಸರಿಯಾಗಿ ಬೆಳೆದಿರುವುದಿಲ್ಲ, ಎಲೆಯ ಸಣ್ಣ ರಂಧ್ರಗಳೂ ಬೇಕಾದಾಗ ಮುಚ್ಚುವುದಿಲ್ಲ, ಹಾಗಾಗಿ ಬೇರು ನೀರಲ್ಲೇ ಮುಳುಗಿದ್ದರೂ ಹೊರಗಿನ ಗಾಳಿಗೆ ಗಿಡ ಬಾಡಿಬಿಡುತ್ತದೆ. ಗಾಜಿನಂಥ ಎಲೆಗೆ ಬಿಎಪಿ ಜಾಸ್ತಿ, ಅಗರ್ ಕಡಿಮೆ ಆಗಿರುವುದೂ ಕಾರಣ. ಬಿಎಪಿ 0.5ಕ್ಕೆ ಇಳಿಸಿ, ಅಗರ್ 8 ಗ್ರಾಂ ಮಾಡಿ, ಗಾಳಿಯಾಡುವ ಮುಚ್ಚಳ ಹಾಕಿ. ಕೊನೆಯ ಸಲ ಬಾಟಲಿ ಬದಲಿಸುವಾಗ ಹಾರ್ಮೋನ್ ಇಲ್ಲದ, ಅರ್ಧ ಪ್ರಮಾಣದ ಎಂಎಸ್‌ಗೆ ಹಾಕಿ. ಇದು ಗೆಣ್ಣುಗೆಣ್ಣಿಗೂ ಬೇರು ಬಿಡುವ ಗಿಡ, ಬೇರಿನ ಚಿಂತೆ ಬೇಡ.

ಕೊಳೆತದ್ದು ಬೇರೆ ಕಾರಣಕ್ಕೆ. ಅಂಟಿಕೊಂಡ ಅಗರ್‌ನಲ್ಲಿ ಸಕ್ಕರೆ ಇದೆ ಅಲ್ವಾ, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಅದನ್ನು ತಿಂದು ಬೆಳೆಯುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಬೇರು ಕೊಳೆಸುವ ಪಿಥಿಯಂ ಅನ್ನುವ ರೋಗಾಣುವಿಗೆ ಅದೇ ಅನುಕೂಲ.

ಉಳಿದ 9 ಗಿಡಗಳನ್ನು ಇವತ್ತೇ ಎತ್ತಿ. ಉಗುರುಬೆಚ್ಚಗಿನ ನೀರಲ್ಲಿ ಅಗರ್ ಪೂರ್ತಿ ಹೋಗುವ ತನಕ ತೊಳೆದು, ಕೋಕೋಪೀಟ್ ಮತ್ತು ಪರ್ಲೈಟ್ ತುಂಬಿದ ಟ್ರೇಯಲ್ಲಿ ನೆಟ್ಟು, ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿ. ನೇರ ಬಿಸಿಲು ಬೇಡ. ನಾಲ್ಕು ದಿನ ಬಿಟ್ಟು ದಿನಾ ಸ್ವಲ್ಪ ಸ್ವಲ್ಪ ಹೊತ್ತು ಮುಚ್ಚಳ ತೆಗೆಯುತ್ತಾ ಬನ್ನಿ, ಎರಡು ವಾರಕ್ಕೆ ಪೂರ್ತಿ ತೆಗೆಯಿರಿ. ಆಮೇಲೆ ಟಬ್. ಇಸಿ 0.6ರಿಂದ ಶುರು ಮಾಡಿ, ನೀರಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಗಲು ರಾತ್ರಿ ಓಡಲಿ, ಟಬ್ಬಿಗೆ ಬಿಳಿ ಹೊದಿಕೆ ಹಾಕಿ ನೆರಳಲ್ಲಿಡಿ.

ತುಮಕೂರು ಗಿಡಮನೆ, ಎರಡು ತಿಂಗಳ ನಂತರ:
ಹಳೆಯ 9ರಲ್ಲಿ 4 ಉಳಿದವು. ಹೊಸ ಬ್ಯಾಚ್‌ನ 24ರಲ್ಲಿ 21 ಟಬ್‌ನಲ್ಲಿವೆ, ಬಿಳಿ ಬೇರು ಬಂದಿದೆ! ತುಂಬಾ ಥ್ಯಾಂಕ್ಸ್ ಸರ್. ಬ್ಯಾಕೋಸೈಡ್ ಹೆಚ್ಚಿಸಲು ಈಗಲೇ ಮೀಥೈಲ್ ಜಾಸ್ಮೋನೇಟ್ ಹಾಕಲಾ?

ಶಿರಸಿ ತೋಟ:
ಈಗ ಬೇಡ. ಕೀಟ ಕಡಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಕೊಡುವಂಥ ಸೂಚನೆ ಅದು, ಬೆಳವಣಿಗೆ ತಡೆಯುತ್ತದೆ. ಟಬ್ ತುಂಬಾ ಹಬ್ಬಲಿ. ಕೊಯ್ಲಿಗೆ ಒಂದು ವಾರ ಮೊದಲು ಐದಾರು ಗಿಡಕ್ಕೆ ಮಾತ್ರ ಬೇರೆ ಪಾತ್ರೆಯಲ್ಲಿ ಕೊಟ್ಟು ನೋಡಿ. ಒಂದು ಗ್ರಾಂ ಒಣ ಸೊಪ್ಪಿನಲ್ಲಿ ಎಷ್ಟಿದೆ ಅಂತ ಮಾತ್ರ ನೋಡಬೇಡಿ, ಒಂದೊಂದು ಗಿಡದ ಒಣ ತೂಕವನ್ನೂ ಬರೆದಿಡಿ. ತಾಯಿಗಿಡದ ನಾಲ್ಕೈದು ಬಾಟಲಿ ಬೇರೆ ಕಡೆ ಎತ್ತಿಟ್ಟಿರಿ.