ಲೀಗಲ್ ಡೆಲಿವರಿಗೆ 'ಲೆಕ್ಕದ ಎಸೆತ' ಅನ್ನಬಹುದಾ?

ಎಲ್ರಿಗೂ ನಮಸ್ಕಾರ,

ಹೈಸ್ಕೂಲ್ ಮಕ್ಕಳಿಗೆ ಅಂತ ಕ್ರಿಕೆಟ್ ನಿಯಮಗಳನ್ನ ಕನ್ನಡದಲ್ಲಿ ಬರೀತಿದೀನಿ, ಲೀಗಲ್ ಡೆಲಿವರಿ (ವೈಡ್, ನೋಬಾಲ್ ಅಲ್ಲದ, ಓವರಿನ ಲೆಕ್ಕಕ್ಕೆ ಸೇರೋ ಬಾಲ್) ಹತ್ರ ಬಂದು ಕೆಲಸ ನಿಂತಿದೆ. 'ಕಾನೂನುಬದ್ಧ ಎಸೆತ' ಅಂದ್ರೆ ಕೋರ್ಟು ಕಚೇರಿ ನೆನಪಾಗತ್ತೆ. 'ಸಕ್ರಮ' ಅಂದ್ರೆ ಎದುರಿಗೆ 'ಅಕ್ರಮ' ಬರತ್ತೆ, ಅದನ್ನ ಓದಿದೋರು ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗೋ ಬೌಲಿಂಗ್ ಶೈಲಿ ಅಂದ್ಕೋತಾರೆ, ವೈಡ್ ಹಾಕಿದ ಪಾಪದ ಬೌಲರ್ ಅಂಥದ್ದೇನೂ ಮಾಡಿರಲ್ಲ.

ನನಗನ್ಸೋದು, ಇಲ್ಲಿ ವಿಷಯ ಬರೀ ಲೆಕ್ಕದ್ದು. ಓವರಿಗೆ 6 ಬಾಲ್, ವೈಡೂ ನೋಬಾಲೂ ಆ ಆರರಲ್ಲಿ ಸೇರಲ್ಲ, ಎದುರಾಳಿಗೆ ರನ್ನೂ ಕೊಟ್ಟು ಇನ್ನೊಂದು ಬಾಲೂ ಹಾಕ್ಬೇಕು. ಹಾಗಂತ ಆಟ ನಿಂತಿರಲ್ಲ, ವೈಡಿಗೆ ಮುಂದೆ ಬಂದು ಕ್ರೀಸ್ ಬಿಟ್ರೆ ಕೀಪರ್ ಸ್ಟಂಪ್ ಮಾಡ್ತಾನೆ, ನೋಬಾಲಲ್ಲೂ ರನೌಟ್ ಆಗಬಹುದು. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅನ್ನೋ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಹೊಂದತ್ತೆ ನೋಡಿ! ಅಲ್ಲಿಂದಲೇ 'ಲೆಕ್ಕದ ಎಸೆತ' ಅಂತ ಮಾಡ್ಕೊಂಡೆ.

ತೊಡಕು ಏನಂದ್ರೆ, ಯಾರ ಲೆಕ್ಕ? ನೋಬಾಲ್ ಓವರಿಗೆ ಸೇರಲ್ಲ, ಆದ್ರೆ ಬ್ಯಾಟ್ಸ್‌ಮನ್ ಎದುರಿಸಿದ ಬಾಲ್‌ಗಳಲ್ಲಿ ಸೇರತ್ತೆ, ವೈಡ್ ಎರಡರಲ್ಲೂ ಇಲ್ಲ. ಅದಕ್ಕೇ ಟಿ20ಯಲ್ಲಿ ಪೂರ್ತಿ 20 ಓವರ್ ಆಡಿದ ತಂಡಕ್ಕೆ 2 ನೋಬಾಲ್ ಬಿದ್ದಿದ್ರೆ ಬ್ಯಾಟ್ಸ್‌ಮನ್‌ಗಳ ಬಾಲ್ ಎಲ್ಲಾ ಕೂಡಿದಾಗ 120 ಅಲ್ಲ, 122 ಬರತ್ತೆ.

ಜೊತೆಗೆ ಓವರ್ ಸಂಖ್ಯೆ ಬರೆಯುವಾಗ ಹಾಕೋ ಆ ಚುಕ್ಕಿ ಬೇರೆ. 1999ರಲ್ಲಿ ದೆಹಲಿ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ನಮ್ಮ ಕುಂಬ್ಳೆ ಲೆಕ್ಕ 26.3-9-74-10 (ಓವರ್, ಮೇಡನ್ ಅಂದ್ರೆ ರನ್ ಕೊಡದ ಓವರ್, ಕೊಟ್ಟ ರನ್, ವಿಕೆಟ್). ಎಲ್ರೂ 'ಇಪ್ಪತ್ತಾರು ಪಾಯಿಂಟ್ ಮೂರು' ಅಂತ್ಲೇ ಓದೋದು, ಆದ್ರೆ ಅದು 26 ಓವರ್ ಮೇಲೆ 3 ಬಾಲ್, ಅಂದ್ರೆ ಇಪ್ಪತ್ತಾರೂವರೆ, ಒಟ್ಟು 159 ಲೆಕ್ಕದ ಎಸೆತ. ಮಗು 74ನ್ನ 26.3ರಿಂದ ಭಾಗಿಸಿದ್ರೆ ಓವರಿಗೆ 2.81 ಬರತ್ತೆ, ಸರಿಯಾದ್ದು 2.79. ಆಸ್ಟ್ರೇಲಿಯಾದಲ್ಲಿ 1978-79ರವರೆಗೂ ಓವರಿಗೆ 8 ಬಾಲ್ ಇತ್ತು, ಅಲ್ಲಿನ ಹಳೇ ಸ್ಕೋರ್‌ಕಾರ್ಡಲ್ಲಿ ಚುಕ್ಕಿ ಆದ್ಮೇಲೆ 7 ಕಂಡ್ರೆ ಅದು ಪ್ರಿಂಟ್ ತಪ್ಪಲ್ಲ. ಕನ್ನಡದಲ್ಲಿ '26 ಓವರ್ 3 ಎಸೆತ' ಅಂತ ಬಿಡಿಸಿ ಬರೆಯೋದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ಹೇಳಿ, 'ಲೆಕ್ಕದ ಎಸೆತ' ಸಾಕಾ, 'ಓವರ್ ಲೆಕ್ಕದ ಎಸೆತ' ಅಂತ ಪೂರ್ತಿ ಬರೀಬೇಕಾ? ಊರಿನ ಟೂರ್ನಮೆಂಟಲ್ಲಿ ಸ್ಕೋರ್ ಬರೆಯೋರು, ಮೈಕಲ್ಲಿ ಕಾಮೆಂಟರಿ ಹೇಳೋರು ಇದ್ರೆ ನಿಮ್ಮ ಕಡೆ ಏನಂತಾರೆ ಅಂತ ಬರೀರಿ, ಕರಾವಳಿಯ ಅಂಡರ್‌ಆರ್ಮ್ ಪಂದ್ಯಗಳವರದ್ದು ಮುಖ್ಯವಾಗಿ ಬೇಕು.